ಕರೆಂಟ್ ದರ ಏರಿಕೆ ಪ್ರಸ್ತಾವ: ಕಾಸರಗೋಡಿನ ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಈಗಿನ ವಿದ್ಯುತ್ ದರವನ್ನು ನಿಗದಿ ಮಾಡಿದ್ದು 2024ರ ಡಿಸೆಂಬರ್ 5ರ ಆದೇಶ. ಅದರ ಅವಧಿ 2027ರ ಮಾರ್ಚ್ 31ರ ವರೆಗೆ. ಆಮೇಲಿನ ದರಕ್ಕೆ ಕೇರಳ ರಾಜ್ಯ ವಿದ್ಯುತ್ ಮಂಡಳಿ (ಕೆಎಸ್‌ಇಬಿ) ಹೊಸದಾಗಿ ಅರ್ಜಿ ಹಾಕಬೇಕು. ಅಂದರೆ ‘ದರ ಏರಿಕೆ ಪ್ರಸ್ತಾವ’ ಎಂಬ ಸುದ್ದಿ ಮತ್ತೆ ಬಂದೇ ಬರುತ್ತದೆ. ನಮ್ಮ ಕಡೆ ಇದರ ಬಗ್ಗೆ ಮಾತು ಜೋರಾಗುವುದು ಬಿಲ್ಲು ಕೈಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಆಕ್ಷೇಪ ಹೇಳುವ ದಿನ ಕಳೆದಿರುತ್ತದೆ. ಮಂಜೇಶ್ವರದಿಂದ ಮುಳ್ಳೇರಿಯದ ತನಕ ಕನ್ನಡದಲ್ಲಿ ಓದುವವರಿಗೆ ಈ ವಿಷಯ ಮೊದಲೇ ತಿಳಿದಿರಲಿ ಎಂದು ಈ ಪ್ರಶ್ನೋತ್ತರ.

ಪ್ರಸ್ತಾವ ಬಂತು ಅಂದರೆ ದರ ಏರಿತು ಅಂತಲೇ ಅಲ್ವಾ?

ಅಲ್ಲ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದನ್ನೇ. ದರ ಏರಿಸುವ ಅಧಿಕಾರ ಕೆಎಸ್‌ಇಬಿಗೆ ಇಲ್ಲ. ಅದು ಕೇಳಬಹುದು, ಅಷ್ಟೇ. ತೀರ್ಮಾನ ಮಾಡುವುದು ತಿರುವನಂತಪುರದಲ್ಲಿರುವ ಕೇರಳ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ.

2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಕೆಎಸ್‌ಇಬಿಯಂಥ ವಿದ್ಯುತ್ ಕಂಪನಿ ತನ್ನ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಜನರ ಸಲಹೆ, ಆಕ್ಷೇಪ ಎಲ್ಲ ನೋಡಿ ಆಯೋಗ 120 ದಿನಗಳೊಳಗೆ ಆದೇಶ ಕೊಡಬೇಕು. ಬೇಕಾದರೆ ಬದಲಾವಣೆ ಮಾಡಿ ಒಪ್ಪಬಹುದು. ಕಾರಣ ಕೊಟ್ಟು ತಳ್ಳಿಯೂ ಹಾಕಬಹುದು.

ಕಳೆದ ಸಲ ಏನಾಯಿತು ನೋಡಿ. 2024-25ಕ್ಕೆ ಯೂನಿಟ್‌ಗೆ ಸರಾಸರಿ 37 ಪೈಸೆ ಏರಿಸಬೇಕೆಂದು ಕೆಎಸ್‌ಇಬಿ ಕೇಳಿತ್ತು. ಆಯೋಗ ಕೊಟ್ಟದ್ದು 16 ಪೈಸೆ. 2025-26ಕ್ಕೆ 27 ಪೈಸೆ ಕೇಳಿತ್ತು, ಸಿಕ್ಕಿದ್ದು 12 ಪೈಸೆ. ಬೇಸಿಗೆ ತಿಂಗಳುಗಳಲ್ಲಿ ಯೂನಿಟ್‌ಗೆ 10 ಪೈಸೆ ಹೆಚ್ಚುವರಿ ವಸೂಲಿ ಮಾಡುವ ಪ್ರಸ್ತಾವವೂ ಇತ್ತು. ಅದನ್ನು ಆಯೋಗ ಒಪ್ಪಲೇ ಇಲ್ಲ. ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ನಡುವೆ ಇಷ್ಟು ಅಂತರವಿದೆ. ಆ ಅಂತರದಲ್ಲಿ ಗ್ರಾಹಕರ ಮಾತಿಗೂ ಜಾಗ ಇದೆ.

ಹಾಗಾದರೆ ಕಳೆದ ಏರಿಕೆಯಿಂದ ನಮ್ಮ ಮನೆ ಬಿಲ್ಲಿಗೆ ನಿಜವಾಗಿ ಬಿದ್ದದ್ದು ಎಷ್ಟು?

‘ಸರಾಸರಿ 16 ಪೈಸೆ’ ಅಂದರೆ ಎಲ್ಲ ಥರದ ಗ್ರಾಹಕರನ್ನೂ ಸೇರಿಸಿದ ಲೆಕ್ಕ. ನಿಮ್ಮ ಮನೆಯ ಲೆಕ್ಕ ಬೇರೆ.

ಮನೆ ಬಳಕೆಗೆ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರ ಹೀಗಿದೆ. ತಿಂಗಳಿಗೆ ಮೊದಲ 50 ಯೂನಿಟ್‌ಗೆ 3.35 ರೂಪಾಯಿ. 51ರಿಂದ 100ರ ವರೆಗೆ 4.25. 101ರಿಂದ 150ರ ವರೆಗೆ 5.35. 151ರಿಂದ 200ರ ವರೆಗೆ 7.20. 201ರಿಂದ 250ರ ವರೆಗೆ 8.50. ಇಲ್ಲಿ ತನಕ ಒಂದೊಂದು ಹಂತಕ್ಕೆ ಅದರದ್ದೇ ದರ. 200 ಯೂನಿಟ್ ಉರಿಸಿದವರಿಗೂ ಮೊದಲ 50 ಯೂನಿಟ್‌ಗೆ 3.35 ರೂಪಾಯಿಯೇ ಲೆಕ್ಕ.

ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಎನರ್ಜಿ ಚಾರ್ಜ್, ಅಂದರೆ ಬಳಸಿದ ಯೂನಿಟ್‌ನ ದುಡ್ಡು, 380 ರೂಪಾಯಿ ಆಗುತ್ತದೆ. 2024 ಡಿಸೆಂಬರ್‌ಗೆ ಮೊದಲಿನ ದರದಲ್ಲಿ 365 ಆಗುತ್ತಿತ್ತು. ಅಂದರೆ 15 ರೂಪಾಯಿ ಜಾಸ್ತಿ. 200 ಯೂನಿಟ್ ಬಳಸುವ ಮನೆಗೆ 967 ರೂಪಾಯಿ 50 ಪೈಸೆ ಇದ್ದದ್ದು 1,007 ರೂಪಾಯಿ 50 ಪೈಸೆ ಆಯಿತು. 40 ರೂಪಾಯಿ ಜಾಸ್ತಿ. ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ, ಹಾಗಾಗಿ ಇದರ ಎರಡರಷ್ಟು ಲೆಕ್ಕ ಹಾಕಿಕೊಳ್ಳಿ. ಎನರ್ಜಿ ಚಾರ್ಜ್ ಮೇಲೆ ಶೇ. 10 ವಿದ್ಯುತ್ ಸುಂಕವೂ ಇದೆ. ದರ ಏರಿದಾಗ ಸುಂಕವೂ ತನ್ನಷ್ಟಕ್ಕೆ ಏರುತ್ತದೆ. ಇದಲ್ಲದೆ ಕರೆಂಟು ಬಳಸಿದರೂ ಬಿಟ್ಟರೂ ಕಟ್ಟಬೇಕಾದ ಫಿಕ್ಸೆಡ್ ಚಾರ್ಜ್ ಬೇರೆ. ಅದು ಸಿಂಗಲ್ ಫೇಸ್‌ಗೆ ಒಂದು, ತ್ರೀ ಫೇಸ್‌ಗೆ ಇನ್ನೊಂದು. ಬಳಕೆಯ ಹಂತ ಏರಿದ ಹಾಗೆ ಅದೂ ಏರುತ್ತದೆ.

ಇಷ್ಟೇ ಏರಿದ್ದಾದರೆ ನಮ್ಮ ಬಿಲ್ಲು ಒಂದೇ ಸಲಕ್ಕೆ ಐನೂರು, ಆರುನೂರು ರೂಪಾಯಿ ಹಾರಿದ್ದು ಹೇಗೆ?

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಕಾರಣ ದರ ಏರಿಕೆ ಅಲ್ಲ, 250 ಯೂನಿಟ್‌ನ ಗಡಿ.

ತಿಂಗಳ ಬಳಕೆ 250 ದಾಟಿತು ಅಂದರೆ ಹಂತ ಹಂತದ ಲೆಕ್ಕ ಪೂರ್ತಿ ಮಾಯ. ಮೊದಲ ಯೂನಿಟ್‌ನಿಂದಲೇ ಒಂದೇ ದರ ಬೀಳುತ್ತದೆ. 300 ಯೂನಿಟ್ ತನಕ ಬಳಸಿದವರಿಗೆ ಎಲ್ಲ ಯೂನಿಟ್‌ಗೂ 6.75 ರೂಪಾಯಿ. 350ರ ತನಕ 7.60. 400ರ ತನಕ 7.95. 500ರ ತನಕ 8.25. ಅದಕ್ಕೂ ಮೇಲೆ 9.20.

ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ ಸರಿಯಾಗಿ 250 ಯೂನಿಟ್ ಆದರೆ ಎನರ್ಜಿ ಚಾರ್ಜ್ 1,432 ರೂಪಾಯಿ 50 ಪೈಸೆ. 251 ಆದರೆ 1,694 ರೂಪಾಯಿ 25 ಪೈಸೆ. ಒಂದು ಯೂನಿಟ್‌ಗೆ 261 ರೂಪಾಯಿ 75 ಪೈಸೆ! ಎರಡು ತಿಂಗಳ ಬಿಲ್ಲಿನಲ್ಲಿ ಇದು 500 ರೂಪಾಯಿ ದಾಟುತ್ತದೆ, ಸುಂಕ ಸೇರಿದರೆ ಇನ್ನೂ ಜಾಸ್ತಿ. ಇಡೀ ದರ ಏರಿಕೆಯಿಂದ 250 ಯೂನಿಟ್ ಮನೆಗೆ ಬಿದ್ದ ಹೊರೆ ತಿಂಗಳಿಗೆ 55 ರೂಪಾಯಿ. ಗಡಿ ದಾಟಿದ್ದಕ್ಕೆ ಅದರ ನಾಲ್ಕೂವರೆ ಪಟ್ಟಿಗೂ ಜಾಸ್ತಿ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜಾಸ್ತಿ ಬಳಸುವವರು ಜಾಸ್ತಿ ಕೊಡಲಿ ಎಂಬುದು ಸರಿಯಾದ ಮಾತು. ಬಳಕೆಯ ಪ್ರಮಾಣ ನೋಡಿ ದರದಲ್ಲಿ ವ್ಯತ್ಯಾಸ ಮಾಡಲು ಕಾಯ್ದೆಯೂ ಅವಕಾಶ ಕೊಟ್ಟಿದೆ. ಆದರೆ 250ಕ್ಕೂ 251ಕ್ಕೂ ಇಷ್ಟು ದೊಡ್ಡ ಕಂದಕ ಇರಬಾರದು. ಕಾಸರಗೋಡಿನಲ್ಲಿ ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಂದೇ ಸೂರಿನಡಿ ಇರುವ ಮನೆಗಳು ಇನ್ನೂ ಸಾಕಷ್ಟಿವೆ. ಬಾವಿಗೆ ಪಂಪು ಇದೆ, ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನು ನಿಲ್ಲುವುದೇ ಇಲ್ಲ. ಇಬ್ಬರಿರುವ ಮನೆಯ 250 ಯೂನಿಟ್ ಬೇರೆ, ಎಂಟು ಜನರ ಮನೆಯ 250 ಯೂನಿಟ್ ಬೇರೆ. ಮುಂದಿನ ಅರ್ಜಿಯ ವಿಚಾರಣೆಯಲ್ಲಿ ಪೈಸೆ ಲೆಕ್ಕದಷ್ಟೇ ಗಟ್ಟಿಯಾಗಿ ಎತ್ತಬೇಕಾದ ವಿಷಯ ಇದು.

ಕ್ವಾರ್ಟರ್ಸ್‌ನಲ್ಲಿ ನಾಲ್ಕು ಸಂಸಾರಕ್ಕೆ ಒಂದೇ ಮೀಟರ್ ಇದೆ. ನಮಗೂ ಇದೇ ಲೆಕ್ಕವಾ?

ಹೌದು. ಮೀಟರ್ ಒಂದೇ ಆದರೆ ನಾಲ್ಕೂ ಮನೆಯ ಯೂನಿಟ್ ಒಟ್ಟು ಸೇರುತ್ತದೆ. ಒಂದೊಂದು ಸಂಸಾರ 80 ಯೂನಿಟ್ ಬಳಸಿದರೂ ಒಟ್ಟು 320 ಆಗಿ, ಎಲ್ಲ ಯೂನಿಟ್‌ಗೂ 7.60 ರೂಪಾಯಿ ಬೀಳುತ್ತದೆ. ಒಂದು ಸಂಸಾರದ ಪಾಲು 608 ರೂಪಾಯಿ. ಬೇರೆ ಬೇರೆ ಮೀಟರ್ ಇದ್ದಿದ್ದರೆ ಅದೇ 80 ಯೂನಿಟ್‌ಗೆ 295 ರೂಪಾಯಿ. ಬಾಡಿಗೆಗೆ ಇರುವವರೇ ಹೆಚ್ಚಾಗಿ ಬಡವರು, ಅವರ ತಲೆಗೇ ಹೆಚ್ಚು ದರ. ಮನೆ ಮಾಲೀಕರ ಹತ್ತಿರ ಮಾತಾಡಿ, ಪ್ರತಿ ಮನೆಗೂ ಬೇರೆ ಕನೆಕ್ಷನ್ ತೆಗೆಸಿಕೊಳ್ಳುವ ಬಗ್ಗೆ ಕೆಎಸ್‌ಇಬಿಯ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ಒಮ್ಮೆ ಖರ್ಚಾದರೂ ಉಳಿತಾಯ ಪ್ರತಿ ಬಿಲ್ಲಿನಲ್ಲೂ ಸಿಗುತ್ತದೆ.

ಕೆಎಸ್‌ಇಬಿಗೆ ಯಾಕೆ ಪದೇ ಪದೇ ದುಡ್ಡು ಸಾಲದೆ ಬರುತ್ತದೆ? ಕೇರಳದಲ್ಲಿ ಅಷ್ಟೊಂದು ಡ್ಯಾಂ ಇವೆಯಲ್ಲ?

ಡ್ಯಾಂ ಇವೆ. ಇಡುಕ್ಕಿ ಒಂದೇ 780 ಮೆಗಾವ್ಯಾಟ್‌ನ ನಿಲಯ. ಆದರೆ 2024ರ ಮೇ ತಿಂಗಳಲ್ಲಿ ಕೇರಳದ ಬೇಡಿಕೆ 5,797 ಮೆಗಾವ್ಯಾಟ್ ಮುಟ್ಟಿತ್ತು. ರಾಜ್ಯದೊಳಗೆ ಹುಟ್ಟುವ ಕರೆಂಟು ಹತ್ತಿರ ಹತ್ತಿರ ಮೂರನೇ ಒಂದು ಪಾಲಿಗಷ್ಟೇ ಸಾಕು. ಉಳಿದದ್ದು ಹೊರಗಿನಿಂದ ಬರಬೇಕು. ರಾಮಗುಂಡಂ, ತಾಲ್ಚೇರ್, ನೈವೇಲಿ, ಕೂಡಂಕುಳಂ, ನಮ್ಮ ಕೈಗಾ, ಹೀಗೆ ಕೇಂದ್ರದ ನಿಲಯಗಳ ಪಾಲು, ಕಂಪನಿಗಳ ಜೊತೆಗಿನ ಒಪ್ಪಂದ, ಅದೂ ಸಾಲದಿದ್ದರೆ ಮಾರುಕಟ್ಟೆ. ಕೆಎಸ್‌ಇಬಿಯ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಹೀಗೆ ಕರೆಂಟು ಕೊಳ್ಳುವುದಕ್ಕೇ ಹೋಗುತ್ತದೆ.

ಮಳೆ ಕೈಕೊಟ್ಟರೆ ಕೊಳ್ಳುವುದು ಇನ್ನೂ ಜಾಸ್ತಿ. 2023ರ ಮುಂಗಾರಿನಲ್ಲಿ ಕೇರಳದಲ್ಲಿ ಶೇ. 34ರಷ್ಟು ಮಳೆ ಕಡಿಮೆಯಾಗಿತ್ತು. ಜಲಾಶಯ ತುಂಬಲಿಲ್ಲ. ಬೇಸಿಗೆಯಲ್ಲಿ ಸೆಖೆ ದಾಖಲೆ ಮುರಿಯಿತು. ಎರಡೂ ಸೇರಿ ಖರ್ಚು ಏರಿತು.

ಇನ್ನೊಂದು ಕಾರಣ ಸಂಜೆ ಹೊತ್ತು. ಈಗ ಸೋಲಾರ್ ಬಂದ ಮೇಲೆ ಹಗಲು ಕರೆಂಟಿಗೆ ಅಷ್ಟು ಕಷ್ಟವಿಲ್ಲ. ಸೂರ್ಯ ಮುಳುಗಿದ ಕೂಡಲೇ ಎಲ್ಲ ರಾಜ್ಯಗಳೂ ಒಟ್ಟಿಗೆ ಮಾರುಕಟ್ಟೆಗೆ ಬರುತ್ತವೆ. ಆಗ ಯೂನಿಟ್‌ನ ಬೆಲೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹಾಕಿದ 10 ರೂಪಾಯಿ ಮಿತಿಯ ತನಕ ಹೋಗುವುದುಂಟು. ಅಷ್ಟಕ್ಕೆ ಕೊಂಡದ್ದನ್ನು ನಮಗೆ ಮೂರು, ನಾಲ್ಕು ರೂಪಾಯಿಗೆ ಕೊಡಬೇಕು.

465 ಮೆಗಾವ್ಯಾಟ್ ಒಪ್ಪಂದ ರದ್ದಾದ ಕಾರಣ ದರ ಏರಿತು ಅನ್ನುತ್ತಾರೆ. ಏನದು?

2014ರಲ್ಲಿ ಕೆಎಸ್‌ಇಬಿ 25 ವರ್ಷಗಳಿಗೆ ಕರೆಂಟು ಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಯೂನಿಟ್‌ಗೆ 4 ರೂಪಾಯಿ ಚಿಲ್ಲರೆ. ಇಂದಿನ ಮಾರುಕಟ್ಟೆಗೆ ಹೋಲಿಸಿದರೆ ಕಡಿಮೆ ಬೆಲೆ. ಆದರೆ ಟೆಂಡರ್ ನಡೆಸಿದ ಕ್ರಮದಲ್ಲಿ ನಿಯಮ ಪಾಲನೆ ಆಗಿಲ್ಲ ಎಂದು ಆಯೋಗ 2023ರ ಮೇಯಲ್ಲಿ 465 ಮೆಗಾವ್ಯಾಟ್‌ನ ಒಪ್ಪಂದಗಳಿಗೆ ಒಪ್ಪಿಗೆ ನಿರಾಕರಿಸಿತು. ಸರ್ಕಾರದ ಸೂಚನೆಯ ಮೇಲೆ ಅದೇ ಆಯೋಗ 2023ರ ಡಿಸೆಂಬರ್‌ನಲ್ಲಿ ಅವುಗಳಿಗೆ ಮತ್ತೆ ಜೀವ ಕೊಟ್ಟಿತು. 2024ರ ಜುಲೈಯಲ್ಲಿ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ತಳ್ಳಿಹಾಕಿತು.

ಇಲ್ಲಿ ಎರಡು ಮಾತನ್ನೂ ಹೇಳಬೇಕು. ಕೋಟ್ಯಂತರ ರೂಪಾಯಿಯ ಒಪ್ಪಂದದಲ್ಲಿ ನಿಯಮ ತಪ್ಪಿದ್ದರೆ ಅದನ್ನು ಕೇಳುವುದು ಆಯೋಗದ ಕೆಲಸ. ಆದರೆ ಆ ತಪ್ಪಿನ ಬೆಲೆ ಕೊಟ್ಟವರು ಯಾರು? ಒಪ್ಪಂದಕ್ಕೆ ಸಹಿ ಹಾಕಿದವರಲ್ಲ, ಬಿಲ್ಲು ಕಟ್ಟುವವರು. ಕಂಪನಿಯ ಆಡಳಿತ ತಪ್ಪಿನಿಂದ ಬಂದ ಹೆಚ್ಚುವರಿ ಖರ್ಚನ್ನು ಗ್ರಾಹಕರ ದರಕ್ಕೆ ಸೇರಿಸಬೇಡಿ ಎಂದು ಯಾರು ಬೇಕಾದರೂ ಆಯೋಗದ ಮುಂದೆ ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ, ಹಿಂಜರಿಯಬೇಕಾಗಿಲ್ಲ.

ಹಳೆ ನಷ್ಟವನ್ನೂ ನಮ್ಮ ಹತ್ತಿರವೇ ವಸೂಲಿ ಮಾಡುತ್ತಾರಂತೆ, ನಿಜವಾ?

ಕಂಪನಿಯ ಖರ್ಚು ಸರಿ ಇದೆ ಎಂದು ಆಯೋಗ ಒಪ್ಪಿ, ಆದರೆ ಜನರಿಗೆ ಹೊರೆ ಆಗುತ್ತದೆ ಎಂದು ಆ ವರ್ಷ ದರ ಏರಿಸದೆ ಬಿಟ್ಟರೆ, ಆ ಬಾಕಿ ಮುಂದಕ್ಕೆ ಹೋಗುತ್ತದೆ. ಲೆಕ್ಕದಲ್ಲಿ ಇದಕ್ಕೆ ರೆಗ್ಯುಲೇಟರಿ ಅಸೆಟ್ ಅನ್ನುತ್ತಾರೆ. ಹೀಗೆ ರಾಶಿ ಬಿದ್ದ ಬಾಕಿಯನ್ನು ಕಾಲಮಿತಿಯೊಳಗೆ ತೀರಿಸಬೇಕೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇದು ಎಲ್ಲ ರಾಜ್ಯಗಳಿಗೂ ಅನ್ವಯ. ಆದ್ದರಿಂದ ಮುಂದಿನ ಅರ್ಜಿಯಲ್ಲಿ ಹಳೆ ಬಾಕಿಯ ಅಂಕಿ ಎಷ್ಟು, ಅದರಲ್ಲಿ ಆಯೋಗ ಒಪ್ಪಿದ್ದು ಎಷ್ಟು ಎಂದು ಹುಡುಕಿ ಓದಬೇಕು.

ಗಡಿ ದಾಟಿದರೆ ಪುತ್ತೂರಿನಲ್ಲಿ 200 ಯೂನಿಟ್ ಫ್ರೀ. ನಮಗೆ ಯಾಕಿಲ್ಲ?

ತಲಪಾಡಿ, ಪೆರ್ಲದ ಕಡೆ ಎಲ್ಲರೂ ಕೇಳುವ ಪ್ರಶ್ನೆ. ಅಣ್ಣನ ಮನೆ ಕರ್ನಾಟಕದ ವಿದ್ಯುತ್ ಕಂಪನಿ ಮೆಸ್ಕಾಂ ಲೈನಿನಲ್ಲಿ, ತಂಗಿಯ ಮನೆ ಕೆಎಸ್‌ಇಬಿ ಲೈನಿನಲ್ಲಿ ಇದ್ದರೆ ಹೋಲಿಕೆ ಬಂದೇ ಬರುತ್ತದೆ.

ಕರ್ನಾಟಕದ ಗೃಹಜ್ಯೋತಿ ಒಂದು ಸರ್ಕಾರಿ ಯೋಜನೆ, 2023ರಲ್ಲಿ ಶುರುವಾಯಿತು. ಅಲ್ಲಿಯೂ ಆಯೋಗ ದರ ನಿಗದಿ ಮಾಡುತ್ತದೆ. ಅರ್ಹ ಮನೆಗಳ ಪರವಾಗಿ ಆ ದುಡ್ಡನ್ನು ಸರ್ಕಾರ ಖಜಾನೆಯಿಂದ ಕಟ್ಟುತ್ತದೆ. ಎಲ್ಲರಿಗೂ ಸುಮ್ನೆ 200 ಯೂನಿಟ್ ಅಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಹಾಕಿದ್ದಾರೆ. ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಯಾವ ರಾಜ್ಯ ಸರ್ಕಾರವೂ ಹೀಗೆ ಸಬ್ಸಿಡಿ ಕೊಡಬಹುದು, ಆದರೆ ಕಂಪನಿಗೆ ಮುಂಗಡವಾಗಿ ದುಡ್ಡು ಕಟ್ಟಬೇಕು. ಹಾಗಾಗಿ ಫ್ರೀ ಕರೆಂಟು ಬೇಕೆಂದು ಕೇಳುವುದಾದರೆ ಅದನ್ನು ಕೇಳಬೇಕಾದ್ದು ಸರ್ಕಾರದ ಹತ್ತಿರ, ಶಾಸಕರ ಹತ್ತಿರ. ಆಯೋಗದ ಮುಂದೆ ಆ ಬೇಡಿಕೆ ಇಟ್ಟರೆ ಫಲ ಇಲ್ಲ.

ಕಾಸರಗೋಡಿಗೆ ಅಂತ ಏನಾದರೂ ವಿಶೇಷ ರಿಯಾಯಿತಿ ಇದೆಯಾ?

ಇದೆ. ಇದು ತಿಳಿಯದೆ ಯಾವ ಮನೆಯೂ ಹೆಚ್ಚು ದುಡ್ಡು ಕಟ್ಟುವಂತಾಗಬಾರದು.

ಎಂಡೋಸಲ್ಫಾನ್ ಸಂತ್ರಸ್ತರ ಕುಟುಂಬಗಳಿಗೆ ದರದ ಆದೇಶದಲ್ಲೇ ಬೇರೆ ದರ ಬರೆದಿದ್ದಾರೆ. ತಿಂಗಳಿಗೆ 150 ಯೂನಿಟ್ ತನಕ ಯೂನಿಟ್‌ಗೆ ಬರೀ 1.50 ರೂಪಾಯಿ. 150 ದಾಟಿದರೆ, ದಾಟಿದ ಯೂನಿಟ್‌ಗೆ ಮಾತ್ರ ಎಲ್ಲರ ಹಾಗೆ 151-200, 201-250ರ ದರ. ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ 647 ರೂಪಾಯಿ 50 ಪೈಸೆ ಆಗುವಲ್ಲಿ 225 ಆಗುತ್ತದೆ. ಎರಡು ತಿಂಗಳ ಬಿಲ್ಲಿನಲ್ಲಿ 845 ರೂಪಾಯಿ ಉಳಿಯುತ್ತದೆ.

ಆದರೆ 250 ದಾಟಿದರೆ ಈ ರಿಯಾಯಿತಿ ಪೂರ್ತಿ ಹೋಗುತ್ತದೆ. 250 ಯೂನಿಟ್‌ಗೆ 1,010 ರೂಪಾಯಿ ಕಟ್ಟುವ ಮನೆ 251 ಆದರೆ 1,694 ರೂಪಾಯಿ ಕಟ್ಟಬೇಕು. ಮಲಗಿದಲ್ಲೇ ಇರುವ ಮಗುವಿಗೆ ಹಗಲು ರಾತ್ರಿ ಫ್ಯಾನು ಬೇಕು. ದಿನಾ ರಾಶಿ ಬಟ್ಟೆ ತೊಳೆಯಬೇಕು. ಅಂಥ ಮನೆಗೆ ಬೇಸಿಗೆಯಲ್ಲಿ ಆ ಗಡಿ ದಾಟುವುದು ದೊಡ್ಡ ವಿಷಯವೇ ಅಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಪಂಚಾಯತಿನವರು ಮುಂದಿನ ವಿಚಾರಣೆಯಲ್ಲಿ ಈ ಮಾತನ್ನು ಎತ್ತಲೇಬೇಕು. ಸರ್ಕಾರಿ ಸಂಸ್ಥೆಯ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಅದು. ಆ ಕುಟುಂಬಗಳು ಕೇಳುವುದು ದಯೆಯಲ್ಲ.

ರಿಯಾಯಿತಿ ನಿಮ್ಮ ಬಿಲ್ಲಿಗೆ ಬಂದಿಲ್ಲವಾದರೆ, ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿರುವ ದಾಖಲೆ, ರೇಷನ್ ಕಾರ್ಡು, ಹಳೆ ಬಿಲ್ಲು ಹಿಡಿದುಕೊಂಡು ಸೆಕ್ಷನ್ ಆಫೀಸಿಗೆ ಹೋಗಿ ಅರ್ಜಿ ಕೊಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.

ಬಡ ಕುಟುಂಬಗಳಿಗೆ, ಕಾಯಿಲೆ ಇರುವವರಿಗೆ?

ಬಿಪಿಎಲ್ ಕುಟುಂಬದ ಕನೆಕ್ಟೆಡ್ ಲೋಡ್ (ಮನೆಯ ಎಲ್ಲ ವಿದ್ಯುತ್ ಉಪಕರಣಗಳ ಒಟ್ಟು ವ್ಯಾಟ್) 1,000 ವ್ಯಾಟ್ ಒಳಗಿದ್ದು, ತಿಂಗಳಿಗೆ 40 ಯೂನಿಟ್ ಒಳಗೆ ಬಳಸಿದರೆ ಯೂನಿಟ್‌ಗೆ 1.50 ರೂಪಾಯಿ. ಕ್ಯಾನ್ಸರ್ ರೋಗಿಗಳು ಅಥವಾ ಶಾಶ್ವತ ಅಂಗವೈಕಲ್ಯ ಇರುವವರ ಬಿಪಿಎಲ್ ಕುಟುಂಬಗಳಿಗೆ 100 ಯೂನಿಟ್ ತನಕ ಇದೇ ದರ ಇದೆ, ಲೋಡಿನ ಮಿತಿಯೂ ಸಡಿಲ. ಮನೆಯಲ್ಲಿ ಏರ್‌ಬೆಡ್, ಸಕ್ಷನ್ ಯಂತ್ರ, ಆಕ್ಸಿಜನ್ ಕಾನ್ಸಂಟ್ರೇಟರ್ ಥರದ ಯಂತ್ರ ಬಳಸುತ್ತಿದ್ದರೆ ಅದರ ಬಳಕೆಗೂ ರಿಯಾಯಿತಿ ಇದೆ. ಡಾಕ್ಟರ ಸರ್ಟಿಫಿಕೇಟ್ ಬೇಕು. ಇವು ಯಾವುವೂ ತಾನಾಗಿ ಬಿಲ್ಲಿಗೆ ಬರುವುದಿಲ್ಲ, ಅರ್ಜಿ ಕೊಡಬೇಕು.

ಅಡಿಕೆ ತೋಟದ ಪಂಪಿಗೆ?

ಕೃಷಿ ಕನೆಕ್ಷನ್‌ನ ದರ ಮನೆ ದರಕ್ಕಿಂತ ತುಂಬ ಕಡಿಮೆ. ಅರ್ಹ ರೈತರ ಪರವಾಗಿ ಆ ಬಿಲ್ಲನ್ನೂ ಕೃಷಿ ಇಲಾಖೆ ಕಟ್ಟುವ ಯೋಜನೆ ಇದೆ. ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ. ಮನೆ ಮೀಟರಿನಿಂದಲೇ ಸ್ಪ್ರಿಂಕ್ಲರ್ ಬಿಡುತ್ತಿದ್ದರೆ ಡಿಸೆಂಬರ್‌ನಿಂದ ಮೇ ತನಕ ಪ್ರತಿ ಬಿಲ್ಲೂ 250ರ ಗಡಿ ದಾಟಬಹುದು. ಬೇರೆ ಕೃಷಿ ಕನೆಕ್ಷನ್ ಮಾಡಿಸಿಕೊಳ್ಳುವುದೇ ಒಳ್ಳೆಯದು.

ಹಾಗೆಯೇ, ಮನೆ ಕನೆಕ್ಷನ್‌ನಿಂದ ಅಂಗಡಿಗೆ ಕರೆಂಟು ಎಳೆಯಬೇಡಿ. ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಬಳಕೆಗೆ ದರದ ಎರಡು ಪಟ್ಟು ಹಾಕುತ್ತಾರೆ.

ಟಿಒಡಿ ಅಂದರೇನು?

ಹೊತ್ತಿಗೆ ತಕ್ಕ ದರ. ತಿಂಗಳಿಗೆ 250 ಯೂನಿಟ್ ದಾಟುವ ಮನೆಗಳಿಗೆ ಇದು ಅನ್ವಯ. ಬೆಳಿಗ್ಗೆ 6ರಿಂದ ಸಂಜೆ 6ರ ತನಕ ದರದಲ್ಲಿ ಶೇ. 10 ಕಡಿತ. ಸಂಜೆ 6ರಿಂದ ರಾತ್ರಿ 10ರ ತನಕ ಶೇ. 25 ಹೆಚ್ಚು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮಾಮೂಲು ದರ. ಹಾಗಾಗಿ ಟ್ಯಾಂಕ್ ತುಂಬಿಸುವುದು, ವಾಷಿಂಗ್ ಮೆಷಿನ್, ಗ್ರೈಂಡರ್, ಇಸ್ತ್ರಿ ಎಲ್ಲ ಹಗಲೇ ಮುಗಿಸಿ. ಮೇಲೆ ಹೇಳಿದ 251 ಯೂನಿಟ್‌ನ ಲೆಕ್ಕ ಟಿಒಡಿಯಲ್ಲಿ ನಿಮ್ಮ ಸಂಜೆ ಬಳಕೆ ನೋಡಿ ಸ್ವಲ್ಪ ಆಚೀಚೆ ಆಗಬಹುದು.

ಮೈಲಾಟಿ ಸಬ್‌ಸ್ಟೇಷನ್‌ನಲ್ಲಿ 125 ಮೆಗಾವ್ಯಾಟ್‌ನ ಬ್ಯಾಟರಿ ಘಟಕ ಕೂಡಿಸುವ ಯೋಜನೆಯೂ ಇದೇ ಸಂಜೆ ಸಮಸ್ಯೆಗಾಗಿ. ಹಗಲು ತುಂಬಿಸಿ ಸಂಜೆ ನಾಲ್ಕು ಗಂಟೆ ಹೊತ್ತು ಕೊಟ್ಟರೆ 5 ಲಕ್ಷ ಯೂನಿಟ್. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಬರುತ್ತಿರುವುದು ಸಂತೋಷದ ವಿಷಯ.

ಆದೇಶ ಬರದೆಯೂ ಬಿಲ್ಲಿನಲ್ಲಿ ಹೊಸ ಸಾಲು ಸೇರಿದೆ. ಇದು ಗುಟ್ಟಾಗಿ ಮಾಡಿದ ಏರಿಕೆಯಾ?

ಎರಡು ಸಾಲು ಇರಬಹುದು. ಒಂದು ಫ್ಯೂಯಲ್ ಸರ್‌ಚಾರ್ಜ್. ಕರೆಂಟು ಕೊಳ್ಳುವ ಖರ್ಚು ಅಂದಾಜಿಗಿಂತ ಜಾಸ್ತಿಯಾದರೆ ಯೂನಿಟ್‌ಗೆ 10 ಪೈಸೆ ತನಕ ಕೆಎಸ್‌ಇಬಿ ತಾನೇ ಹಾಕಬಹುದು. ಅದಕ್ಕೂ ಮೇಲೆ ಬೇಕಾದರೆ ಆಯೋಗ ಒಪ್ಪಬೇಕು.

ಇನ್ನೊಂದು ಡೆಪಾಸಿಟ್. ಎರಡು ತಿಂಗಳಿಗೊಮ್ಮೆ ಬಿಲ್ಲು ಬರುವವರ ಡೆಪಾಸಿಟ್ ಸರಾಸರಿ ತಿಂಗಳ ಬಿಲ್ಲಿನ ಮೂರು ಪಟ್ಟು ಇರಬೇಕು. ವರ್ಷಕ್ಕೊಮ್ಮೆ ಲೆಕ್ಕ ನೋಡುತ್ತಾರೆ. ಬಳಕೆ ಏರಿದ್ದರೆ ಹೆಚ್ಚುವರಿ ಡೆಪಾಸಿಟ್ ಕೇಳುತ್ತಾರೆ. ಇದು ನಿಮ್ಮದೇ ದುಡ್ಡು, ಬಡ್ಡಿ ಬರುತ್ತದೆ. ಆ ಬಡ್ಡಿ ಬಿಲ್ಲಿನಲ್ಲಿ ವಜಾ ಆಗಿದೆಯಾ ಎಂದು ನೋಡಿಕೊಳ್ಳಿ.

ಗಲ್ಫ್‌ನಲ್ಲಿದ್ದೇವೆ, ಊರಿನ ಮನೆಗೆ ಬೀಗ ಹಾಕಿದೆ. ಆದರೂ ಬಿಲ್ಲು ಯಾಕೆ?

ಕನೆಕ್ಷನ್ ಇರುವ ತನಕ ಫಿಕ್ಸೆಡ್ ಚಾರ್ಜ್ ಇರುತ್ತದೆ.

ವೋಲ್ಟೇಜೇ ಸರಿ ಇಲ್ಲ. ದರ ಮಾತ್ರ ಎಲ್ಲರಷ್ಟೇ ಯಾಕೆ ಕೊಡಬೇಕು?

ಮಾತು ನ್ಯಾಯವಾದದ್ದು. ಕಾಸರಗೋಡು ಕೇರಳದ ಜಾಲದ ಉತ್ತರದ ತುದಿ. ದೂರದಿಂದ ಬರುವ ಕರೆಂಟು ತುದಿಗೆ ಬರುವಾಗ ಸೊರಗುತ್ತದೆ. ಉಡುಪಿಯಿಂದ ನಮ್ಮ ಜಿಲ್ಲೆಯ ಕರಿಂದಳಂಗೆ 400 ಕೆವಿ ಲೈನು ತರುವ ಯೋಜನೆ ಈ ಕೊರತೆ ನೀಗಿಸಲಿಕ್ಕೇ. ಅದು ಹಾದುಹೋಗುವ ತೋಟಗಳ ರೈತರ ವಿರೋಧವೂ ಇದೆ. ಅವರಿಗೆ ಸರಿಯಾದ ಪರಿಹಾರ ಸಿಗದೆ ನಮ್ಮ ವೋಲ್ಟೇಜ್ ಸರಿಯಾಗಲಿ ಎಂದು ಹೇಳಲು ಮನಸ್ಸು ಬರುವುದಿಲ್ಲ.

ಆಯೋಗ 2015ರಲ್ಲಿ ಸೇವೆಯ ಗುಣಮಟ್ಟದ ನಿಯಮ ತಂದಿದೆ. ದೂರು ಇಷ್ಟು ಹೊತ್ತಿನೊಳಗೆ ಸರಿ ಮಾಡಬೇಕು, ಇಲ್ಲದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎಂದು ಅದರಲ್ಲಿದೆ. ಹೀಗಾಗಿ ವೋಲ್ಟೇಜ್ ಇಲ್ಲದಾಗ, ಲೈನು ಬಿದ್ದಾಗ 1912ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಆ ನಂಬರ್ ಬರೆದಿಡಿ. ಲೈನ್‌ಮ್ಯಾನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಮಳೆಗಾಲದಲ್ಲಿ ಪ್ರಾಣ ಪಣಕ್ಕಿಟ್ಟು ಕಂಬ ಹತ್ತುವವರು ಅವರೇ, ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವೂ ಇಲ್ಲ.

ವಿಚಾರಣೆ ಎಲ್ಲಿ ನಡೆಯುತ್ತದೆ? ನಾವು ಹೋಗಬಹುದಾ?

ಯಾರು ಬೇಕಾದರೂ ಹೋಗಬಹುದು. ವಕೀಲರು ಬೇಕಾಗಿಲ್ಲ, ಶುಲ್ಕ ಇಲ್ಲ. ಕಷ್ಟ ಇರುವುದು ದೂರದ್ದು. 2024ರಲ್ಲಿ ಕಲ್ಲಿಕೋಟೆ, ಪಾಲಕ್ಕಾಡ್, ಎರ್ನಾಕುಳಂ, ತಿರುವನಂತಪುರದಲ್ಲಿ ವಿಚಾರಣೆ ನಡೆಯಿತು. ನಮಗೆ ಹತ್ತಿರದ್ದೆಂದರೆ ಕಲ್ಲಿಕೋಟೆ. ಉಪ್ಪಳದಿಂದ ಹೋಗಿ ಬರಲು ಇಡೀ ದಿನ ಬೇಕು. ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಕಾಸರಗೋಡಿನಲ್ಲೂ ಒಂದು ವಿಚಾರಣೆ ಇಡಿ ಎಂದು ಪಂಚಾಯತ್‌ಗಳು, ವ್ಯಾಪಾರಿಗಳ ಸಂಘಗಳು, ಸಹಕಾರಿ ಸಂಘಗಳು ಅರ್ಜಿ ಬರುವ ಮೊದಲೇ ಆಯೋಗಕ್ಕೆ ಬರೆಯಬೇಕು.

ಹೋಗಲಾಗದವರು ಅಂಚೆಯಲ್ಲಿ ಆಕ್ಷೇಪ ಕಳಿಸಬಹುದು. ವಿಳಾಸ: ಕಾರ್ಯದರ್ಶಿ, ಕೇರಳ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ, ಕೆಪಿಎಫ್‌ಸಿ ಭವನಂ, ಸಿ.ವಿ. ರಾಮನ್ ಪಿಳ್ಳೈ ರಸ್ತೆ, ವೆಳ್ಳಯಂಬಲಂ, ತಿರುವನಂತಪುರ 695010. ಕೊನೆಯ ದಿನಾಂಕ ಪ್ರಕಟಣೆಯಲ್ಲಿ ಇರುತ್ತದೆ. ಅಂಚೆ ತಲುಪುವ ದಿನಗಳನ್ನೂ ಲೆಕ್ಕ ಹಿಡಿದು ಕಳಿಸಿ.

ಕನ್ನಡದಲ್ಲಿ ಬರೆಯಬಹುದಾ?

ಬರೆಯಬಹುದು. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರ್ಕಾರಿ ಅಧಿಕಾರಿಗೆ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು ಎಂಬುದೂ ಸರ್ಕಾರಕ್ಕೆ ಗೊತ್ತಿರುವ ವಿಷಯ. ಆದರೆ ಕೆಲಸ ಬೇಗ ಆಗಲಿ ಎಂದಿದ್ದರೆ ಜೊತೆಗೆ ಮಲಯಾಳ ಅಥವಾ ಇಂಗ್ಲಿಷಿನ ಪ್ರತಿ ಇಡಿ. ಕಾಲೇಜಿಗೆ ಹೋಗುವ ಮಕ್ಕಳು ಮಾಡಿಕೊಟ್ಟಾರು. ಪತ್ರದ ಕೊನೆಗೆ, ಅರ್ಜಿಯ ಸಾರಾಂಶವನ್ನು ಕನ್ನಡದಲ್ಲೂ ಪ್ರಕಟಿಸಿ ಎಂಬ ಬೇಡಿಕೆ ಸೇರಿಸಲು ಮರೆಯಬೇಡಿ.

ಏನೆಂದು ಬರೆಯುವುದು?

‘ದರ ಏರಿಸಬೇಡಿ, ಜನರಿಗೆ ಕಷ್ಟ’ ಎಂದಷ್ಟೇ ಬರೆದರೆ ಆಯೋಗ ಅದನ್ನು ಓದಿ ಬದಿಗಿಡುತ್ತದೆ. ಒಂದು ವಿಷಯ ಹಿಡಿದು, ಲೆಕ್ಕ ಕೊಟ್ಟು, ಏನು ಬೇಕೆಂದು ಸ್ಪಷ್ಟವಾಗಿ ಕೇಳಿದರೆ ಆದೇಶದಲ್ಲಿ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ಒಂದು ಮಾದರಿ:

‘ನಾನು ಇಂಥ ಸೆಕ್ಷನ್‌ನ ಮನೆ ಬಳಕೆಯ ಗ್ರಾಹಕ. ಮನೆಯಲ್ಲಿ ಏಳು ಜನ. ಕಳೆದ ವರ್ಷದ ಆರು ಬಿಲ್ಲುಗಳ ಪ್ರತಿ ಇಟ್ಟಿದ್ದೇನೆ. ಬೇಸಿಗೆಯ ಎರಡು ಬಿಲ್ಲುಗಳಲ್ಲಿ ತಿಂಗಳ ಬಳಕೆ 250 ಯೂನಿಟ್‌ಗಿಂತ ಸ್ವಲ್ಪವೇ ಹೆಚ್ಚಾದ್ದರಿಂದ ಎಲ್ಲ ಯೂನಿಟ್‌ಗೂ ಒಂದೇ ದರ ಬಿದ್ದಿದೆ. 250 ದಾಟಿದ ಯೂನಿಟ್‌ಗಳಿಗೆ ಮಾತ್ರ ಹೆಚ್ಚಿನ ದರ ಹಾಕಬೇಕೆಂದು, ಅಥವಾ ಗಡಿಯನ್ನು ಮೇಲಕ್ಕೆ ಸರಿಸಬೇಕೆಂದು ಕೇಳಿಕೊಳ್ಳುತ್ತೇನೆ.’

ಇಷ್ಟು ಸಾಕು. ಕೆಎಸ್‌ಇಬಿಯ ಅರ್ಜಿಯ ನಂಬರ್ ಮೇಲ್ಗಡೆ ಬರೆಯಿರಿ. ಒಂದೇ ಪತ್ರಕ್ಕೆ ನೂರು ಜನ ಸಹಿ ಹಾಕುವ ಬದಲು ಹತ್ತು ಜನ ತಮ್ಮ ತಮ್ಮ ಬಿಲ್ಲು ಇಟ್ಟು ಬರೆದರೆ ತೂಕ ಜಾಸ್ತಿ.

ದರದ ಬಗ್ಗೆ ಅಲ್ಲ, ನನ್ನ ಬಿಲ್ಲಿನಲ್ಲೇ ತಪ್ಪಿದೆ. ಎಲ್ಲಿ ಹೇಳುವುದು?

ಮೊದಲು ಸೆಕ್ಷನ್ ಆಫೀಸಿಗೆ, ಬರಹದಲ್ಲಿ. ಹಿಂದಿನ ರೀಡಿಂಗ್ ದಿನಾಂಕ, ಈಗಿನ ದಿನಾಂಕ ಎರಡನ್ನೂ ನೋಡಿ. ನಡುವೆ ಅರುವತ್ತು ದಿನಕ್ಕಿಂತ ತುಂಬ ಜಾಸ್ತಿ ಅಂತರ ಇದ್ದರೆ ಬಳಕೆಯ ಹಂತ (ಸ್ಲ್ಯಾಬ್) ಹೇಗೆ ಲೆಕ್ಕ ಹಾಕಿದ್ದೀರಿ ಎಂದು ಕೇಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಕಲ್ಲಿಕೋಟೆಯಲ್ಲಿರುವ ಗ್ರಾಹಕರ ದೂರು ಪರಿಹಾರ ವೇದಿಕೆಗೆ ಬರೆಯಿರಿ. ಉತ್ತರದ ಜಿಲ್ಲೆಗಳ ದೂರು ಹೋಗುವುದು ಅಲ್ಲಿಗೇ. ಅದರ ತೀರ್ಮಾನವೂ ಒಪ್ಪಿಗೆಯಾಗದಿದ್ದರೆ ಎರ್ನಾಕುಳಂನಲ್ಲಿ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿಗೂ ವಕೀಲರಿಲ್ಲದೆ ನೀವೇ ಬರೆಯಬಹುದು.